ಸರದಿ ತಪ್ಪಿಸುವ ಅಬುತೊ

ಒಗಾಲೊ ಎರಡನೆಯ ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಂಗಳಕ್ಕೆ ಬಂದಾಗ ಯೂನಿಯಾ ಒಲೆಯ ಮುಂದೆ ಕೂತು ಮೀನು ಕರಿಯುತ್ತಿದ್ದಳು. ಕರಿಯುತ್ತಿದ್ದಳು ಎಂಬುದು ಅವಳ ಮೇಲಿನ ಗೌರವಕ್ಕೆ ಹೇಳುವ ಮಾತು. ಸೀಯಿಸುತ್ತಿದ್ದಳು ಎಂದರೆ ಸರಿ. ಅವಳು ಗೆಮ್ ಕಡೆಯ ಗುಡ್ಡದವಳು. ಅಲ್ಲಿ ದನ ಉಂಟು, ಜೋಳ ಉಂಟು, ಹುರುಳಿ ಉಂಟು. ಮೀನು ಮಾತ್ರ ಒಣಗಿ ಮುದುಡಿಕೊಂಡು ಸಂತೆಯ ಬುಟ್ಟಿಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರೋವರದ ದಡದ ಈ ಮನೆಗೆ ಮದುವೆಯಾಗಿ ಬಂದು ಮಕ್ಕಳಾದರೂ, ಹಸಿ ಮೀನು ಎಣ್ಣೆಗೆ ಬಿದ್ದು ಚಟಗುಟ್ಟಿದರೆ ಅವಳು ಇನ್ನೂ ಹಿಂದೆ ಸರಿಯುತ್ತಿದ್ದಳು.

ಹೊಸಬಳು ಸೈಕಲ್ಲಿನಿಂದ ಇಳಿದಳು. ದ್ವೀಪದ ಹುಡುಗಿ, ಹೆಸರು ಅಬುತೊ. ತಲೆ ತಗ್ಗಿಸಿ ನಿಲ್ಲಬೇಕಾದವಳು ಮೂಗೆತ್ತಿ ಗಾಳಿಯನ್ನು ಮೂಸಿದಳು.

"ತಿರುವಿ ಹಾಕು ಮಿಕಾಯಿ. ಒಂದ್ ಕಡೆ ಇದ್ದಿಲಾಯ್ತು."

ಮಿಕಾಯಿ ಎಂದರೆ ಮನೆಯ ಮೊದಲ ಹೆಂಡತಿ. ಬಿತ್ತನೆ ಅವಳ ಕೈಯಿಂದ ಶುರುವಾಗಬೇಕು, ಕುಯಿಲು ಅವಳ ಕುಡುಗೋಲಿನಿಂದ. ಹೊಸ ಧಾನ್ಯದ ಮೊದಲ ತುತ್ತು ಅವಳ ಬಾಯಿಗೆ ಹೋದ ಮೇಲೆಯೇ ಉಳಿದವರಿಗೆ. ಎರಡನೆಯವಳು ನ್ಯಾಚಿರಾ, ಅವಳ ಜಾಗ ಯಾವಾಗಲೂ ಮಿಕಾಯಿಯ ಹಿಂದೆ. ಹಿಂದೆ ನಿಲ್ಲುವವಳ ಬಾಯಿ ಇಷ್ಟು ಮುಂದಿರಬಹುದೆಂದು ಯೂನಿಯಾ ಎಣಿಸಿರಲಿಲ್ಲ. ಅವಳು ಮೀನನ್ನು ತಿರುವಿ ಹಾಕಿದಳು. ಇದ್ದಿಲೇ ಆಗಿತ್ತು.

ಊಟಕ್ಕೆ ಕೂತಾಗ ಅಬುತೊ ಕೇಳದೆಯೇ ತಲೆಯ ಭಾಗವನ್ನು ಎತ್ತಿಕೊಂಡಳು. ದ್ವೀಪದವರು ಮೀನು ತಿನ್ನುವುದನ್ನು ನೋಡಿಯೇ ನಂಬಬೇಕು. ತುತ್ತು ಬಾಯಿಯ ಒಂದು ಮೂಲೆಯಿಂದ ಒಳಗೆ ಹೋಗುತ್ತಿತ್ತು, ಇನ್ನೊಂದು ಮೂಲೆಯಿಂದ ಮುಳ್ಳುಗಳು ತೊಳೆದಿಟ್ಟ ಹಾಗೆ ಹೊರಗೆ ಬರುತ್ತಿದ್ದವು, ನಡುವೆ ಮಾತು ನಿಲ್ಲುತ್ತಲೂ ಇರಲಿಲ್ಲ. ಯೂನಿಯಾಳದು ಬೇರೆ ರೀತಿ. ಬೆರಳಿನಿಂದ ಮುಟ್ಟಿ ಮುಟ್ಟಿ ಒಂದೊಂದೇ ಮುಳ್ಳು ತೆಗೆದು, ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, ಸಾಲು ನೆಟ್ಟಗಾದ ಮೇಲೆ ತುತ್ತು ಎತ್ತುತ್ತಿದ್ದಳು.

ಅಬುತೊ ಆ ಸಾಲನ್ನೇ ನೋಡಿದಳು. "ಮಿಕಾಯಿ, ಊಟ ಮಾಡ್ತಿದೀಯೋ ಬೇಲಿ ಹಾಕ್ತಿದೀಯೋ?"

"ಬೇಲಿ ಇರಬೇಕು," ಎಂದಳು ಯೂನಿಯಾ. "ಈ ಅಂಗಳಕ್ಕೆ ಯಾರ್ಯಾರೋ ನುಗ್ಗಿ ಬರ್ತಾರೆ."

ಒಗಾಲೊ ನಕ್ಕ. ಆಮೇಲೆ ಇಬ್ಬರ ಮುಖವನ್ನೂ ನೋಡಿ, ಹಸು ಕಟ್ಟಿ ಬರುತ್ತೇನೆಂದು ಎದ್ದು ಹೋದ. ಹಸುವನ್ನು ಆಗಲೇ ಕಟ್ಟಿಯಾಗಿತ್ತು.

ಅಬುತೊಳಿಗೆ ಕಾಯುವುದೆಂದರೆ ಮೈ ಪರಚಿಕೊಳ್ಳುವ ಹಾಗೆ. ಒಂದು ವರ್ಷ ದೊಡ್ಡ ಮಳೆ ಶುರುವಾಗಿ ನೆಲ ಹದವಾದರೂ, ಬೀಜ ಇನ್ನೂ ಸರಿಯಾಗಿ ಆರಿಲ್ಲವೆಂದು ಯೂನಿಯಾ ಬಿತ್ತನೆಯನ್ನು ಮುಂದಕ್ಕೆ ಹಾಕಿದಳು. ಅಬುತೊ ತನ್ನ ಮನೆಯ ಹಿಂದೆ, ಬಚ್ಚಲ ನೀರು ಹರಿಯುವ ಕಡೆ, ಕದ್ದು ಒಂದು ಸಾಲು ಜೋಳ ಊರಿದಳು. ಮೊಳಕೆಗೆ ಗುಟ್ಟು ಗೊತ್ತೇ? ತಲೆ ಎತ್ತಿತು. ಯೂನಿಯಾ ಕೂಗಾಡಲಿಲ್ಲ. ಒಂದೊಂದೇ ಸಸಿಯನ್ನು ಬೇರು ಹರಿಯದ ಹಾಗೆ ಕಿತ್ತು, ಮೊರದಲ್ಲಿ ಸಾಲಾಗಿ ಮಲಗಿಸಿ ಅಬುತೊಳ ಹೊಸ್ತಿಲ ಮೇಲೆ ಇಟ್ಟು ಬಂದಳು. ಆಮೇಲೆ ತನ್ನ ಹೊಲಕ್ಕೆ ಹೋಗಿ ಬಿತ್ತಿದಳು. ಮುಗಿಸಿ ಬಂದು, "ಈಗ ನಿನ್ನ ಸರದಿ," ಎಂದಳು, ಅಷ್ಟೇ. ಮೊರವನ್ನು ವಾಪಸು ಕೊಡುವಾಗ ಅಬುತೊ, "ಇಷ್ಟು ತಾಳ್ಮೆ ಇರೋಳನ್ನ ಗಂಡ ಹೇಗೆ ತಡ್ಕೊಂಡ ಅಂತ ಈಗ ಗೊತ್ತಾಯ್ತು, ಅದಕ್ಕೇ ನನ್ನ ಕರ್ಕೊಂಡ್ ಬಂದ," ಎಂದಳು. ಆ ಮಾತಿಗೆ ಯೂನಿಯಾ ಮೊದಲ ಸಲ ಅವಳೆದುರು ನಕ್ಕಳು. ನಗು ತಡೆಯಲು ಹೊದ್ದ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದು ಉಪಯೋಗಕ್ಕೆ ಬರಲಿಲ್ಲ.

ವರ್ಷಗಳು ಉರುಳಿ, ಮುದುಕನಾಗಿ ಒಗಾಲೊ ತೀರಿಹೋದ ಮೇಲೆ ಎದುರು ಬದುರಿನ ಎರಡು ಮನೆಗಳಲ್ಲಿ ಇಬ್ಬರು ವಿಧವೆಯರು ಉಳಿದರು. ಜಗಳಕ್ಕೆ ಕಾರಣವಾಗಿದ್ದವನು ಹೋದರೂ ಜಗಳವನ್ನು ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಅದು ಸಾಕಿದ ಕೋಳಿಯ ಹಾಗೆ ಅಂಗಳದಲ್ಲಿ ಓಡಾಡಿಕೊಂಡಿತ್ತು. ಯೂನಿಯಾ ಕಡಲೆಕಾಯಿ ಬೆಳೆದಳು. ಅಬುತೊ ದಡದಲ್ಲಿ ಒಲೆ ಹಾಕಿದಳು. ಕಾರ್ಖಾನೆಯವರು ದೊಡ್ಡ ಮೀನುಗಳ ಮಾಂಸವನ್ನೆಲ್ಲ ಕೆತ್ತಿ ದೂರದ ದೇಶಗಳಿಗೆ ಕಳಿಸಿದ ಮೇಲೆ ತಲೆಯೂ ಬೆನ್ನುಮೂಳೆಯೂ ಉಳಿಯುತ್ತಿದ್ದವು. ಅದನ್ನು ಕೊಂಡು ತಂದು, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು ಮಾರುವುದು ಅವಳ ಕೆಲಸ. ಮೂಳೆಗೆ ಅಂಟಿದ ಮಾಂಸವೇ ರುಚಿ ಎಂದು ತಿಳಿದವರು ಅವಳ ಒಲೆಯ ಸುತ್ತ ನಿಂತಿರುತ್ತಿದ್ದರು. "ಮುಳ್ಳಿಗೆ ಹೆದರೋರು ಮನೇಲಿ ಹಾಲು ಕುಡ್ಕೊಂಡಿರಿ" ಎಂಬ ಅವಳ ಕೂಗು ದೋಣಿಯಲ್ಲಿದ್ದವರಿಗೂ ಕೇಳುತ್ತಿತ್ತು.

ಹೀಗಿರುವಾಗ, ದೊಡ್ಡ ಮಳೆಗೆ ಸ್ವಲ್ಪ ಮುಂಚೆ, ಚರ್ಚಿನ ಹೆಂಗಸರ ಕೂಟ ಯೂನಿಯಾಳ ಮನೆಯಲ್ಲಿ ಸೇರಿತು. ಪ್ರಾರ್ಥನೆ ಮುಗಿದು ಊಟ. ಆ ದಿನ ಮಾಡಿದ್ದು ಸರೋವರದ ಚಿಕ್ಕ ಮೀನು, ಙೇಗೆ. ರುಚಿಗೆ ಅದನ್ನು ಮೀರಿಸಿದ್ದಿಲ್ಲ, ಮುಳ್ಳಿಗೂ ಇಲ್ಲ. ಅಬುತೊ ಬಾಯಿ ತುಂಬ ಮೀನಿಟ್ಟುಕೊಂಡೇ ಯೂನಿಯಾ ಮೊದಲ ದಿನ ಹಾಕಿದ ಬೇಲಿಯ ಕಥೆಯನ್ನು ಹೇಳತೊಡಗಿದಳು. ಎಲ್ಲರಿಗೂ ಬಾಯಿಪಾಠವಾಗಿದ್ದ ಕಥೆ, ಆದರೂ ನಕ್ಕರು. ಅಬುತೊ ಎಲ್ಲರಿಗಿಂತ ಜೋರಾಗಿ ನಕ್ಕಳು, ಆಮೇಲೆ ನಗು ಅರ್ಧದಲ್ಲೇ ನಿಂತಿತು. ಅವಳು ಕತ್ತು ಹಿಡಿದುಕೊಂಡಳು.

ನೀರಿನ ಬದಿಯಲ್ಲಿ ಮುಳ್ಳು ಸಿಕ್ಕಿಕೊಂಡರೆ ಮದ್ದು ಒಂದೇ, ಜೋಳದ ಮುದ್ದೆ. ಅಗಿಯದೆ ನುಂಗಬೇಕು, ಮುದ್ದೆ ಮುಳ್ಳನ್ನು ಕಟ್ಟಿಕೊಂಡು ಕೆಳಗಿಳಿಯುತ್ತದೆ. ಅಜ್ಜಿಯಂದಿರ ಕಾಲದಿಂದ ಎಲ್ಲರೂ ಹಾಗೇ ಮಾಡಿದ್ದಾರೆ, ಎಷ್ಟೋ ಸಲ ಇಳಿದೂ ಇದೆ.

"ದೊಡ್ಡದು ಮಾಡ್ಕೊ," ಎಂದಳು ಒಬ್ಬಳು.

"ಬಿಸಿ ಬೇಡ, ತಣ್ಣಗಿರೋ ಗಟ್ಟಿ ಮುದ್ದೆ," ಎಂದಳು ಇನ್ನೊಬ್ಬಳು.

ಅಬುತೊ ಉಂಡೆಯ ಮೇಲೆ ಉಂಡೆ ನುಂಗಿದಳು. ಕಣ್ಣಲ್ಲಿ ನೀರು ಬಂತು. ಕಡೆಗೆ ಎದೆ ತಟ್ಟಿಕೊಂಡು, "ಹೋಯ್ತು," ಎಂದಳು. ಕಥೆಯನ್ನು ಮಾತ್ರ ಮುಗಿಸಲಿಲ್ಲ. ಯೂನಿಯಾ ಅದನ್ನು ಗಮನಿಸಿದಳು.

ಮುಂದಿನ ದಿನಗಳಲ್ಲಿ ಇನ್ನಷ್ಟು ಗಮನಿಸಿದಳು. ಅಬುತೊ ಗಂಜಿ ಮಾತ್ರ ಕುಡಿಯುತ್ತಿದ್ದಳು. ಬೆನ್ನನ್ನು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಕೇಳಿದರೆ ಎಣ್ಣೆ ಡಬ್ಬಿ ಎತ್ತಿ ಬೆನ್ನು ಉಳುಕಿದೆ ಎನ್ನುತ್ತಿದ್ದಳು. ಮೈ ಸ್ವಲ್ಪ ಬೆಚ್ಚಗಿತ್ತು; ಒಲೆಯ ಕಾವು ಎನ್ನುತ್ತಿದ್ದಳು. ಒಂದು ಸಂಜೆ ಯೂನಿಯಾ ಕೊಟ್ಟು ಕಳಿಸಿದ ಮೀನಿನ ತಲೆಯನ್ನು ಅವಳು ಬೆಕ್ಕಿಗೆ ಹಾಕಿದಳು. ಅಬುತೊ ತಲೆಯನ್ನು ಬೆಕ್ಕಿಗೆ ಹಾಕಿದ್ದು ಕಂಡಾಗ ಯೂನಿಯಾಗೆ ಭಯವಾಯಿತು.

"ಮುಳ್ಳು ಇಳಿದಿಲ್ಲ ಅಲ್ವಾ?"

"ಮೆತ್ತಗೆ ಮಾತಾಡು, ನ್ಯಾರ್ ಗೆಮ್." ಸಿಟ್ಟು ಬಂದಾಗ ಅಬುತೊ ಅವಳನ್ನು ಹೀಗೆ, ಗೆಮ್ಮಿನ ಮಗಳೇ ಎಂದು, ಊರಿನ ಹೆಸರು ಹಿಡಿದೇ ಕರೆಯುತ್ತಿದ್ದಳು. "ಮುಳ್ಳು ಮಾರೋಳಿಗೇ ಮುಳ್ಳು ಸಿಕ್ತು ಅಂತ ಗೊತ್ತಾದ್ರೆ ನನ್ ಹತ್ರ ಯಾರು ತಗೋತಾರೆ? ದಡದ ತುಂಬ ನಗ್ತಾರೆ."

"ನಗಲಿ. ನೀನು ಅವರನ್ನ ನೋಡಿ ಇಷ್ಟು ದಿನ ನಕ್ಕಿಲ್ವಾ?"

"ಅದು ಬೇರೆ. ನನ್ ತಮಾಷೆ ಚೆನ್ನಾಗಿತ್ತು."

ಅದಾದ ಮೇಲೆ ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಅಬುತೊ ಬಗ್ಗಿದಳು, ಬಾಯಿ ತುಂಬ ರಕ್ತ ಕಾರಿದಳು. ಕೋಳಿ ಕೊಯ್ದಾಗ ಬರುವಂಥ ತಿಳಿ ಕೆಂಪು. ಅಷ್ಟೇ ಬಂದು ನಿಂತುಹೋಯಿತು. ಅವಳು ಪೊರಕೆಯಿಂದ ಮಣ್ಣೆಳೆದು ಅದನ್ನು ಮುಚ್ಚುವಷ್ಟರಲ್ಲಿ ಯೂನಿಯಾ ಎದುರು ನಿಂತಿದ್ದಳು.

"ನಿಂತೋಯ್ತು ನೋಡು. ಕೆಟ್ಟ ರಕ್ತ ಇತ್ತು, ಹೋಯ್ತು. ಬೆನ್ನು ನೋವೂ ಹಗುರಾಗಿದೆ."

ಯೂನಿಯಾ ಒಳಗೆ ಹೋಗಿ ಚರ್ಚಿಗೆ ಕಟ್ಟುವ ತಲೆವಸ್ತ್ರ ಕಟ್ಟಿಕೊಂಡು, ಚೀಲಕ್ಕೆ ಒಂದಿಷ್ಟು ಕಡಲೆಕಾಯಿ ಸುರಿದುಕೊಂಡು ಹೊರಬಂದಳು. ದಾರಿಯಲ್ಲಿ ಹೋಗುತ್ತಿದ್ದ ಬಾಡಿಗೆ ಮೋಟಾರ್‌ಬೈಕನ್ನು ಕೈ ಅಡ್ಡ ಹಾಕಿ ನಿಲ್ಲಿಸಿದಳು.

"ಹತ್ತು."

"ಎಲ್ಲಿಗೆ?"

"ನಿನ್ನ ಬಾಯಿ ರಿಪೇರಿಗೆ."

ಓಡಿಸುವವನ ಹಿಂದೆ ಅಬುತೊ, ಅವಳ ಹಿಂದೆ ಯೂನಿಯಾ. ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. "ಗಂಡ ಸತ್ತ ಮೇಲೆ ಯಾರೂ ಹೀಗೆ ಹಿಡ್ಕೊಂಡಿರ್ಲಿಲ್ಲ," ಎಂದಳು ಅಬುತೊ. ಓಡಿಸುವವನು ನಗು ತಡೆಯಲಾರದೆ ಒಂದು ಗುಂಡಿಗೆ ಬೀಳಿಸಿದ. ಯೂನಿಯಾ ಅವನ ಬೆನ್ನಿಗೆ ಗುದ್ದಿದಳು.

ಪಟ್ಟಣದ ಆಸ್ಪತ್ರೆಯಲ್ಲಿ ಎದೆಯ ಒಳಗನ್ನು ಯಂತ್ರದಲ್ಲಿ ಚಿತ್ರ ತೆಗೆದರು. ಚಿತ್ರ ನೋಡಿದವರು ದನಿ ತಗ್ಗಿಸಿ ಮಾತಾಡಿದರು. ಏನೂ ನುಂಗಬೇಡ, ಕೆಮ್ಮಬೇಡ, ಏಳಬೇಡ ಎಂದು ಅಬುತೊಳನ್ನು ಮಲಗಿಸಿ, ಆಂಬುಲೆನ್ಸಿನಲ್ಲಿ ನೈರೋಬಿಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎದೆಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ ಕೆರುಬೊ ಎಂಬಾಕೆ. ಗುಸೀ ಜನ, ಬೆಟ್ಟದ ಬಾಳೆಹಣ್ಣಿನ ಊರಿನವಳು. ಆಕೆ ಮಂಚದ ಪಕ್ಕ ಕೂತು ಇಬ್ಬರಿಗೂ ತಿಳಿಯುವ ಹಾಗೆ ಹೇಳಿದಳು.

"ಅಮ್ಮ, ನೀವು ನುಂಗಿದ್ದು ಇಳಿಯೋ ಅನ್ನನಾಳ, ಹೃದಯದಿಂದ ರಕ್ತ ತರೋ ದೊಡ್ಡ ನಾಳ, ಎರಡೂ ಎದೆಯೊಳಗೆ ಒಂದಕ್ಕೊಂದು ತಾಗಿಕೊಂಡೇ ಇರ್ತವೆ. ಮುಳ್ಳು ಅಲ್ಲಿ ಅಡ್ಡ ಸಿಕ್ಕಿದೆ. ಮುದ್ದೆ ಮೇಲಿಂದ ತಳ್ಳಿ ತಳ್ಳಿ ಇನ್ನೂ ಒಳಗೆ ಚುಚ್ಚಿದೆ. ಎರಡರ ಗೋಡೆನೂ ತೂತಾಗಿ, ಇದರಿಂದ ಅದಕ್ಕೆ ದಾರಿಯಾಗಿದೆ."

ಅಬುತೊ ಯೂನಿಯಾ ಕಡೆ ತಿರುಗಿದಳು. "ಮಿಕಾಯಿ ಮನೆ, ನ್ಯಾಚಿರಾ ಮನೆ. ನಡುವೆ ಕಳ್ಳ ಬಾಗಿಲು. ಮುದುಕ ಇದ್ದಿದ್ರೆ ಖುಷಿ ಪಡ್ತಿದ್ದ."

"ಹೌದು, ಅಂಥದ್ದೇ ಬಾಗಿಲು," ಎಂದಳು ಕೆರುಬೊ, ಮುಖ ಗಂಭೀರವಾಗಿಯೇ ಇಟ್ಟುಕೊಂಡು. "ಈಗ ಹೆಪ್ಪುಗಟ್ಟಿದ ರಕ್ತ ಅದನ್ನ ಮುಚ್ಚಿದೆ. ಗಟ್ಟಿಯಾದ ಮುಚ್ಚಳ ಅಲ್ಲ ಅದು."

"ರಕ್ತ ನಿಂತಿದೆ. ನೋವೂ ಇಲ್ಲ."

"ಈ ಸುಮ್ಮನಿರೋದಕ್ಕೇ ನಾವು ಹೆದರೋದು. ಮುಚ್ಚಳ ಬಿಟ್ಟುಕೊಂಡ್ರೆ ಮುಂದಿನ ಸಲ ಬಾಯಿ ತುಂಬ ಬರಲ್ಲ, ಬಕೆಟ್ ತುಂಬ ಬರುತ್ತೆ. ಆಗ ನಮಗೆ ಓಡಿ ಬರೋಕೂ ಸಮಯ ಸಿಗಲ್ಲ."

ಆಕೆ ಮಾಡಬೇಕಾದುದನ್ನು ವಿವರಿಸಿದಳು. ಮೊದಲು ತೊಡೆಯ ಸಂದಿಯ ನಾಳದಿಂದ, ಬಟ್ಟೆ ಹೊದಿಸಿದ ಮಡಚಿದ ಕೊಳವೆಯೊಂದನ್ನು ಮೇಲಕ್ಕೆ ತಳ್ಳಿ, ತೂತಿರುವ ಕಡೆ ರಕ್ತನಾಳದ ಒಳಗೇ ಅರಳಿಸುವುದು. ರಕ್ತ ಆ ಕೊಳವೆಯೊಳಗೆ ಹರಿದರೆ ತೂತಿಗೆ ಬರುವುದಿಲ್ಲ. ಆಮೇಲೆ ಪಕ್ಕೆಯಿಂದ ಎದೆ ತೆರೆದು ಮುಳ್ಳು ತೆಗೆದು, ಕೀವು ತೊಳೆದು, ಅನ್ನನಾಳವನ್ನು ಹೊಲಿದು, ಪಕ್ಕೆಲುಬುಗಳ ನಡುವಿನ ಮಾಂಸದ ಒಂದು ಪಟ್ಟಿಯನ್ನು ಎರಡು ನಾಳಗಳ ಮಧ್ಯೆ ಇಡುವುದು.

"ಬೇಲಿ," ಎಂದಳು ಯೂನಿಯಾ.

"ನೀನು ಸುಮ್ನಿರು," ಎಂದಳು ಅಬುತೊ. ಆಮೇಲೆ ವೈದ್ಯೆಯನ್ನು ಕೇಳಿದಳು. "ಮೀನು ಯಾವಾಗ ತಿನ್ನಬಹುದು?"

ಕೆರುಬೊ ಸುಳ್ಳು ಹೇಳಲಿಲ್ಲ. ತಿಂಗಳುಗಟ್ಟಲೆ ಬಾಯಿಗೆ ಏನೂ ಇಲ್ಲ, ಹೊಟ್ಟೆಗೆ ಹಾಕಿದ ನಳಿಗೆಯಿಂದ ಗಂಜಿ. ಹೊಲಿಗೆ ಕೂಡಿಕೊಂಡರೆ ಆಮೇಲೆ ನೋಡೋಣ. ಕೂಡದಿದ್ದರೆ ಬಾಯಿಂದ ತಿನ್ನುವುದು ಮತ್ತೆ ಆಗದೆಯೂ ಇರಬಹುದು. ಶಸ್ತ್ರಚಿಕಿತ್ಸೆಯ ಮೇಜಿನಿಂದ ಎಲ್ಲರೂ ಎದ್ದು ಬರುವುದಿಲ್ಲ, ಅದನ್ನೂ ಹೇಳಲೇಬೇಕು ಎಂದಳು. ಮಾಡಿಸದಿದ್ದರೆ ಮಾತ್ರ ಯಾರೂ ಉಳಿಯುವುದಿಲ್ಲ.

ವೈದ್ಯೆ ಹೊರಗೆ ಹೋದ ಮೇಲೆ ಅಬುತೊ ಗೋಡೆಯ ಕಡೆ ಮುಖ ಮಾಡಿದಳು.

"ನನ್ನ ಮನೆಗೆ ಕರ್ಕೊಂಡ್ ಹೋಗು. ಬಾಯಿ ಇರೋವಾಗ್ಲೇ ಸಾಯ್ತೀನಿ."

ಯೂನಿಯಾ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಏನು ಹೇಳಬೇಕೆಂದು ನಿಧಾನವಾಗಿ ಯೋಚಿಸಿದಳು, ಎಲ್ಲದಕ್ಕೂ ಯೋಚಿಸುವ ಹಾಗೆ.

"ನ್ಯಾಚಿರಾ, ಇತ್ತ ತಿರುಗು. ಈ ಮನೆ ಮಿಕಾಯಿ ಯಾರು?"

"ಈಗ ಅದ್ಯಾಕೆ?"

"ಯಾರು ಅಂದೆ."

"ನೀನು."

"ನನಗಿಂತ ಮುಂಚೆ ನೀನು ಬಿತ್ತಿದೀಯಾ? ಬಚ್ಚಲ ಹಿಂದಿನದು ಬಿಡು, ಅದನ್ನ ನಾನು ಲೆಕ್ಕಕ್ಕೆ ಇಟ್ಕೊಂಡಿಲ್ಲ. ನನಗಿಂತ ಮುಂಚೆ ಕುಯ್ದಿದೀಯಾ? ಸೂರಿಗೆ ಹುಲ್ಲು ಹೊದಿಸಿದೀಯಾ? ಹಾಗಿದ್ದಮೇಲೆ ನನಗಿಂತ ಮುಂಚೆ ಮಣ್ಣಿಗೆ ಹೋಗ್ತೀನಿ ಅಂತ ಯಾವ ಬಾಯಲ್ಲಿ ಹೇಳ್ತೀಯ? ಸರದಿ ಇದೆ. ಬಂದು ನನ್ನ ಹಿಂದೆ ನಿಂತ್ಕೋ."

ಅಬುತೊ ಮುಖವನ್ನು ಇತ್ತ ತಿರುಗಿಸಿದಳು. "ನೀನು ಯಾವಾಗ ಹೋಗ್ತೀಯ ಹಾಗಾದ್ರೆ?"

"ನಂಗೆ ಬಿಡುವಿಲ್ಲ. ಬಿತ್ತನೆ ಬಂತು."

ಅಬುತೊಳ ಹೊಟ್ಟೆ ಕುಲುಕತೊಡಗಿತು. ನರ್ಸ್ ಓಡಿ ಬಂದು, ನಗಬೇಡಿ ಅಜ್ಜಿ, ನಗಬಾರದು ಎಂದು ಭುಜ ಹಿಡಿದಳು. "ಇವಳನ್ನ ಹೊರಗೆ ಕಳ್ಸಿ ಮತ್ತೆ," ಎಂದಳು ಅಬುತೊ. "ವೈದ್ಯೆನ ಕರೀರಿ. ಸರದಿ ಪ್ರಕಾರ ಬದುಕ್ತೀನಂತೆ."

ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಯೂನಿಯಾ ಬೆಂಚಿನ ಮೇಲೆ ಕೂತು ಕಡಲೆಕಾಯಿ ಆರಿಸಿದಳು. ಒಳ್ಳೆಯದು ಒಂದು ಕಡೆ, ಹುಳುಕು ಒಂದು ಕಡೆ. ಆರಿಸಿ ಮುಗಿದ ಮೇಲೆ ಎರಡನ್ನೂ ಬೆರೆಸಿ ಮತ್ತೆ ಆರಿಸಿದಳು. ಕೆರುಬೊ ಹೊರಬಂದಾಗ ಆಕೆಯ ಮುಖವನ್ನು ನೋಡಲಾರದೆ ಕೈಯನ್ನೇ ನೋಡಿದಳು. ಕೈಯಲ್ಲಿ ಪುಟ್ಟ ಸೀಸೆ, ಅದರಲ್ಲಿ ಉಗುರಿನಷ್ಟು ಮುಳ್ಳು.

"ಎದ್ದು ಬಂದಿದಾರೆ ಅಮ್ಮ. ಇನ್ನೂ ದಾರಿ ಇದೆ, ಆದರೆ ಬಂದಿದಾರೆ."

ಎಚ್ಚರವಾದಾಗ ಅಬುತೊಳ ಬಾಯಲ್ಲಿ ಉಸಿರಿನ ನಳಿಗೆ ಇತ್ತು, ಮಾತಾಡುವ ಹಾಗಿರಲಿಲ್ಲ. ಯೂನಿಯಾ ಹಿಡಿದಿದ್ದ ಮುಳ್ಳಿನ ಸೀಸೆಯನ್ನು ಕೈ ಮಾಡಿ ಕೇಳಿದಳು. ಬೆಳಕಿಗೆ ಹಿಡಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಯೂನಿಯಾಳ ಕೈಯನ್ನು ಎಳೆದು ಬೆರಳಿನಿಂದ ಚಿಕ್ಕ ಮೀನಿನ ಆಕಾರ ಬರೆದಳು, ದೊಡ್ಡ ಮೀನಿನ ಆಕಾರ ಬರೆದು ಅಲ್ಲವೆಂದು ಬೆರಳಾಡಿಸಿದಳು. ಯೂನಿಯಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಳ್ಳು ಙೇಗೆಯದು, ತಾನು ಮಾರುವ ಮೀನಿನದಲ್ಲ. ದಡದಲ್ಲಿ ಎಲ್ಲರಿಗೂ ಹೇಳು ಎಂದು.

"ಸತ್ತು ಬದುಕಿ ಬಂದ್ರೂ ವ್ಯಾಪಾರ," ಎಂದಳು ಯೂನಿಯಾ. ಹೇಳುತ್ತಲೇ ಕಣ್ಣೊರೆಸಿಕೊಂಡಳು.

ಊರಿಗೆ ಮರಳಿದ ಮೇಲೆ ಯೂನಿಯಾ ಮೊದಲು ತನ್ನ ಹೊಲ ಬಿತ್ತಿದಳು, ಆಮೇಲೆ ಅಬುತೊಳದನ್ನೂ ತಾನೇ ಬಿತ್ತಿದಳು. ಹೊತ್ತು ಹೊತ್ತಿಗೆ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಹಾಲು ಬೆರೆಸಿ, ಕೈಗೆ ಬಿಸಿ ಹತ್ತದಷ್ಟು ಆರಿಸಿ, ಹೊಟ್ಟೆಯ ನಳಿಗೆಗೆ ಸಿರಿಂಜಿನಿಂದ ನಿಧಾನವಾಗಿ ಬಿಡುತ್ತಿದ್ದಳು. ಅವಸರ ಮಾಡಿದರೆ ಹೊಟ್ಟೆ ಹಿಂಡುತ್ತದೆಂದು ಕೆರುಬೊ ಹೇಳಿದ್ದಳು. ಯೂನಿಯಾ ಅವಸರ ಮಾಡುವ ಹೆಂಗಸಲ್ಲ.

"ಮುಳ್ಳಿಗೆ ಹೆದರೋರು ಮನೇಲಿ ಹಾಲು ಕುಡ್ಕೊಂಡಿರಿ," ಎಂದು ಅಂಗಳದಾಚೆಯಿಂದ ಯಾರೋ ಕೂಗಿದರು. ಅಬುತೊ ಕಿಟಕಿಗೆ ತಲೆ ಹಾಕಿ, "ಕುಡೀತಾನೂ ಇಲ್ಲ ಕಣೇ, ಇವಳು ನೇರ ಗೋದಾಮಿಗೇ ಇಳಿಸ್ತಾಳೆ," ಎಂದು ಮಾರುತ್ತರ ಕೊಟ್ಟಳು. ಆದರೆ ಯೂನಿಯಾ ಮೀನು ಕರಿಯುವ ಸಂಜೆ ಅವಳು ಬಾಗಿಲಲ್ಲಿ ಬಂದು ಕೂರುತ್ತಿದ್ದಳು. ವಾಸನೆ ಎಳೆದುಕೊಳ್ಳುತ್ತ, "ತಿರುವಿ ಹಾಕು. ಈಗ. ಈಗ ಅಂದೆ," ಎನ್ನುತ್ತಿದ್ದಳು. ಒಮ್ಮೆ ಯೂನಿಯಾ, ಇವಳಿಗೆ ಹಿಂಸೆಯಾಗುತ್ತದೆಂದು ಮೀನು ಮಾಡುವುದನ್ನೇ ಬಿಟ್ಟಳು. ಅಬುತೊ ಅಂಗಳ ದಾಟಿ ಬಂದು ಜಗಳ ತೆಗೆದಳು. "ಬಾಯಿ ಕಟ್ಟಿದ್ದು ಸಾಲ್ದಾ? ಮೂಗೂ ಕಟ್ತೀಯಾ?"

ಜೋಳ ತೆನೆ ಒಣಗುವ ಹೊತ್ತಿಗೆ ನೈರೋಬಿಗೆ ಮತ್ತೆ ಹೋದರು. ಬಿಳಿ ದ್ರವವೊಂದನ್ನು ನುಂಗಿಸಿ ಚಿತ್ರ ತೆಗೆದರು. ಎಲ್ಲಿಯೂ ಸೋರಲಿಲ್ಲ. ಮೊದಲು ನೀರು, ಆಮೇಲೆ ಗಂಜಿ, ಆಮೇಲೆ ಮೆತ್ತಗಿನದು ಎಂದಳು ಕೆರುಬೊ. ಸೋಂಕು ಬರದ ಹಾಗೆ ಮಾತ್ರೆ ಬಿಡಬಾರದು, ಕರೆದಾಗ ಬರಬೇಕು. ಅಬುತೊ ಮೀನು ಎಂದು ಬಾಯಿ ತೆರೆಯುವ ಮೊದಲೇ ವೈದ್ಯೆ ಯೂನಿಯಾ ಕಡೆ ತಿರುಗಿ ಹೇಳಿದಳು: "ಒಂದು ಮುಳ್ಳೂ ಇರಬಾರದು."

ದಡದ ಜನಕ್ಕೆ ಅದು ಸಣ್ಣ ಮಾತಲ್ಲ. ಅಲ್ಲಿ ಹಾಲುಹಲ್ಲಿನ ಮಕ್ಕಳಿಗೆ ಮಾತ್ರ ಮುಳ್ಳು ಬಿಡಿಸಿ ಕೊಡುತ್ತಾರೆ. ದೊಡ್ಡವರಿಗೆ ಕೊಟ್ಟರೆ ಅವಮಾನ. ಊರಿಗೆ ಬಂದು ನೀರು, ಗಂಜಿ, ಮೆತ್ತಗಿನ ಗೆಣಸು ಎಲ್ಲ ಆದ ಮೇಲೂ ಅಬುತೊ ಮೀನಿನ ಹೆಸರೆತ್ತಲಿಲ್ಲ. ಯೂನಿಯಾಳೂ ಎತ್ತಲಿಲ್ಲ.

ಕುಯಿಲಾಯಿತು. ಹೊಸ ಜೋಳ ಬೀಸಿ ಬಂತು. ಆ ಮಧ್ಯಾಹ್ನ ಯೂನಿಯಾ ಹೊಸ ಹಿಟ್ಟಿನ ಮುದ್ದೆ ಮೆತ್ತಗೆ ತಿರುವಿದಳು, ಮೀನನ್ನು ಸೀಯಿಸದೆ ಬೇಯಿಸಿದಳು. ತಟ್ಟೆ ಮುಂದಿಟ್ಟುಕೊಂಡು, ಅಬುತೊ ಎದುರು ಕೂತಿದ್ದಂತೆಯೇ ಮುಳ್ಳು ಬಿಡಿಸತೊಡಗಿದಳು. ಬೆನ್ನಿನದು, ಪಕ್ಕೆಯದು, ರೆಕ್ಕೆಯ ಬುಡದ್ದು. ಒಂದೊಂದನ್ನೂ ಅಂಚಿನಲ್ಲಿ ಸಾಲಾಗಿ ಇಟ್ಟಳು. ಆಮೇಲೆ ಮಾಂಸವನ್ನೆಲ್ಲ ಬೆರಳ ತುದಿಯಲ್ಲಿ ಮತ್ತೊಮ್ಮೆ ಒತ್ತಿ ನೋಡಿದಳು. ಮತ್ತೊಮ್ಮೆ ಕಣ್ಣು ಮುಚ್ಚಿಕೊಂಡು, ಬೆರಳಿಗೆ ಗೊತ್ತಾಗುವುದು ಕಣ್ಣಿಗೆ ತಪ್ಪುತ್ತದೆಂದು.

ಅಬುತೊ ಅವಳ ಕೈಯನ್ನೇ ನೋಡುತ್ತ ಕೂತಿದ್ದಳು. ಬೇಲಿಯ ಮಾತು ಬರುತ್ತದೆಂದು ಯೂನಿಯಾ ಕಾದಳು. ಬರಲಿಲ್ಲ. ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿದಳು. ಅಬುತೊ ಕೈ ತೊಳೆದು, ಹೊಸ ಜೋಳದ ಮುದ್ದೆಯಿಂದ ಉಗುರಿನಷ್ಟು ಚಿವುಟಿ, ಮೀನಿಗೆ ಒತ್ತಿ, ತುಟಿಯವರೆಗೆ ಒಯ್ದು ನಿಲ್ಲಿಸಿದಳು.

"ಹೊಸ ಜೋಳ ಇದು," ಎಂದಳು. "ನೀನಿನ್ನೂ ಬಾಯಿಗಿಟ್ಟಿಲ್ಲ. ಈ ಒಂದ್ ಸಲ ನಾನು ಮೊದ್ಲು ತಿನ್ಲಾ, ಮಿಕಾಯಿ?"